ಳ

ಅಪ್ಪನ ನಾಲಗೆಗೆ ಳ ಹತ್ತಲೇ ಇಲ್ಲ.
ಶಿವರಾಂಪೇಟೆಯ ಒಂದೂವರೆ ಮಾರಿನ ಅಂಗಡಿಯಲ್ಲಿ
ಹಲ್ಲಿಲ್ಲದವರಿಗೆ ಹಲ್ಲು ಕಟ್ಟುತ್ತ
ಬಂದವರಿಗೆಲ್ಲ ‘ಕೂತ್ಕೊಲ್ಲಿ, ಕೂತ್ಕೊಲ್ಲಿ’ ಅಂದರೆ
ಪಾಂಡವಪುರದ ಗೌಡರೊಬ್ಬರು
‘ಯಾರನ್ನಪ್ಪ ಕೂತು ಕೊಲ್ಲೋದು?’ ಎಂದು
ಬೋಡು ಬಾಯಿ ಪೂರ್ತಿ ತೆರೆದು ನಕ್ಕರು.
ಅಪ್ಪನೂ ನಕ್ಕ, ಅಳತೆ ತೆಗೆಯಲು ಅದೇ ಸಮಯವೆಂದು.
ಅಕ್ಕ ನಗಲಿಲ್ಲ.

ರಿಜಿಸ್ಟರಿನಲ್ಲಿ ಅವಳು ಷೂಲಾನ್,
ಮೇಷ್ಟರ ಬಾಯಲ್ಲಿ ಸುಲೋಚನಾ,
ಮನೆಯಲ್ಲಿ ನನಗೆ ಜ್ಯೇಜ್ಯೇ,
ಹೊಸಿಲು ದಾಟಿದ ಕೂಡಲೇ ಅಕ್ಕ.

ಎರಡನೇ ಕ್ಲಾಸಿನಲ್ಲಿ, ಏನು ಉಂಡೆ ಎಂದು ಕೇಳಿದ್ದಕ್ಕೆ
‘ಹುಲಿ ಅನ್ನ’ ಅಂದುಬಿಟ್ಟೆ.
ವರ್ಷವಿಡೀ ನಾನು ಹುಲಿ.
ಆ ರಾತ್ರಿ ಅಕ್ಕ
ಅಪ್ಪನ ತಟ್ಟೆಯಿಂದ ಬಾಯಿಗನ್ನಡಿ ಕದ್ದು ತಂದಳು;
ಲವಂಗದೆಣ್ಣೆಯ ವಾಸನೆ, ಹೊದಿಕೆಯೊಳಗೆ ಟಾರ್ಚು.
‘ನಾಲಗೆ ಮಡಚು. ಇನ್ನೂ ಹಿಂದಕ್ಕೆ.
ಇಗೋ, ಅಂಗುಳಿಗೆ ಮುಟ್ಟಿಸಿ ಬಿಡು.
ಹುಳಿ. ಹೊಳೆ. ಬೆಳಗು.
ಅಳಬೇಡ, ಅಳು ಅನ್ನು ಸಾಕು.’
ಹನ್ನೊಂದು ವರ್ಷದವಳು.
ಅವಳಿಗೆ ಯಾರು ಕನ್ನಡಿ ಹಿಡಿದಿದ್ದರು ಎಂದು
ನಾನು ಕೇಳಲಿಲ್ಲ.

ವರ್ಷಕ್ಕೊಮ್ಮೆ ಪೊಲೀಸ್ ಕಚೇರಿ.
ಪರದೇಶಿಯರ ಪುಸ್ತಕಕ್ಕೆ ಮುದ್ರೆ ಬೀಳುವ ತನಕ
ಬೆಂಚಿನ ಮೇಲೆ ಇಸ್ತ್ರಿ ಬಟ್ಟೆಯ ನಾವು ನಾಲ್ವರು.
‘ಹುಟ್ಟಿದ್ದೆಲ್ಲಿ?’
ಅಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ:
‘ಚೆಲುವಾಂಬ ಆಸ್ಪತ್ರೆ, ಸಾರ್. ಇವಳೂ ಅಲ್ಲೇ.’
ಇವಳೂ.
ಗುಮಾಸ್ತರು ಕನ್ನಡಕ ತೆಗೆದು ನೋಡಿದರು.
ಆಮೇಲೆ ಮುದ್ರೆ ಒತ್ತಿದರು, ಎಂದಿನ ಹಾಗೆಯೇ.

ಒಳ್ಳೆಯವಳೇನಲ್ಲ ಅಕ್ಕ.
ಚಿವುಟುತ್ತಿದ್ದಳು, ತೋಳಿನ ಒಳಭಾಗದಲ್ಲಿ, ಗುರುತು ಕಾಣದಂತೆ.
ನಮ್ಮ ಹೊಸ ವರ್ಷದ ಕೆಂಪು ಲಕೋಟೆಯಿಂದ
ನನ್ನ ಎರಡು ರೂಪಾಯಿ ಸಾಲವೆಂದು ಇಸಿದುಕೊಂಡು
ಗಾಯತ್ರಿ ಟಾಕೀಸಿಗೆ ಹೋದಳು, ನನ್ನನ್ನು ಬಿಟ್ಟು.
ಆಮೇಲೆ ಕಲ್ಕತ್ತೆಗೂ ಹೋದಳು:
ಗಂಡು ನಮ್ಮವರೇ, ಹಲ್ಲಿನವರೇ.
ರೈಲಿನ ಕಿಟಕಿಯಲ್ಲಿ ಅತ್ತಳೋ ಇಲ್ಲವೋ,
ನಾನಂತೂ ಮಂಚ ಪೂರ್ತಿ ನನ್ನದಾಯಿತೆಂದು
ಅಡ್ಡಡ್ಡ ಮಲಗಿದೆ.
ನಿದ್ದೆ ಬರಲಿಲ್ಲ.

ಮೂವತ್ತೊಂದು ವರ್ಷ.
ಮೊನ್ನೆ ಫೋನಿನಲ್ಲಿ ಮೊಮ್ಮಗನ ಗಲಾಟೆಯ ನಡುವೆ,
ಬಂಗಾಳಿಯಲ್ಲಿ ಯಾರನ್ನೋ ಗದರಿ,
‘ಲೇ, ದೇವರಾಜ ಮಾರ್ಕೆಟ್ಟಲ್ಲಿ
ರಸಬಾಲೆ ಸಿಗತ್ತೇನೇ ಈಗಲೂ?’

ಬಾಲೆ.
ಅಂಗಡಿಯ ಹಲಗೆ ಬಾಗಿಲು ತೆರೆದಂತಾಯಿತು;
‘ಕೂತ್ಕೊಲ್ಲಿ’ ಎಂದ ಅಪ್ಪ.

ನಾನು ತಿದ್ದಲಿಲ್ಲ.
ಬಾಯಿಗನ್ನಡಿ ನನ್ನ ಹತ್ತಿರವೇ ಇದೆ,
ಸೂಜಿ ದಾರದ ಡಬ್ಬಿಯಲ್ಲಿ, ಹಿಡಿ ಮಾಸಿ.
‘ಸಿಗತ್ತೆ, ಬಾ’ ಅಂದೆ.

ಬರಲಿ.
ಮೊದಲು ಎರಡು ರೂಪಾಯಿ ಕೇಳುತ್ತೇನೆ.