ಮೂರು ಫೇಸ್ ತೋಡಿ

ಶಿಡ್ಲಘಟ್ಟದ ನಮ್ಮ ಕಡೆಗೆ ರಾತ್ರಿ ಹತ್ತಕ್ಕೆ ತ್ರೀ ಫೇಸ್.
ಊರಾಚೆ ಪಂಪುಗಳೆಲ್ಲ ಒಟ್ಟಿಗೆ ಗಂಟಲು ಸರಿಮಾಡಿಕೊಳ್ಳುತ್ತವೆ.
ನಾನು ಪಿಳ್ಳಣ್ಣ, ಮೈಕ್‌ಸೆಟ್ಟಿನವನು.
ಮದುವೆಗೆ, ನಾಮಕರಣಕ್ಕೆ, ಸೋತ ಮೆಂಬರಿನ ಭಾಷಣಕ್ಕೆ
ಮೂವತ್ತೊಂದು ವರ್ಷ ಬೇರೆಯವರ ದನಿ ಹೊತ್ತಿದ್ದೇನೆ.
ಆವತ್ತು ಹೆಗಲ ಮೇಲೆ ಜಬೀನಾಳ ಆಂಪ್ಲಿಫೈಯರು,
ಟ್ರಾನ್ಸ್‌ಫಾರ್ಮರು ಹೊಸದಾಗಿ ಸುತ್ತಿದ್ದು,
ವಾರ್ನಿಶ್ ವಾಸನೆ ಇನ್ನೂ ಬಿಟ್ಟಿಲ್ಲ.

ಅವಳಪ್ಪನ ರೀಲಿಂಗ್ ಶೆಡ್ಡು.
ಬಾಂಡ್ಲಿಯ ನೀರು ಆರಿದೆ, ಹುಳದ ನಾತ ಆರಿಲ್ಲ.
ಡ್ರಮ್ಮಿಗೆ ಕದಿರಪ್ಪ: ಎರಡೂ ಕಾಲಲ್ಲಿ ಪೆಡಲು ತುಳಿದರೆ
ಗೋಡೆಯ ಕ್ಯಾಲೆಂಡರು ತಾನೇ ತಿಂಗಳು ಮಗುಚುತ್ತದೆ.
ಬೇಸಿಗೆ ಎಡ್ವಿನ್, ಮಾತಿಲ್ಲ,
ಹೇಳಬೇಕಾದ್ದನ್ನೆಲ್ಲ ಕೂದಲು ಬೀಸಿ ಹೇಳುವವನು.

‘ಇವತ್ತು ತೋಡಿ, ಅಂಕಲ್’ ಅಂದಳು.
ನಗು ಬಂತು. ತೋಡಿ ನನಗೆ ಗೊತ್ತು,
ಕಚೇರಿಗಳಲ್ಲಿ ಕಂಬದ ಮರೆಗೆ ನಿಂತು
ವಾಲ್ಯೂಮ್ ತಿರುಗಿಸುವಾಗ ಕಿವಿಗೆ ಅಂಟಿದ್ದು.
ಅದರ ಗಾಂಧಾರ ಇದೆಯಲ್ಲ, ನಿಂತಲ್ಲಿ ನಿಲ್ಲುವ ಜಾತಿಯದಲ್ಲ.
ಗಿಟಾರಿಗೋ ಕಬ್ಬಿಣದ ಮೆಟ್ಟಿಲು,
ಇಲ್ಲಿ ನಿಲ್ಲು, ಇಲ್ಲವೇ ಅಲ್ಲಿ.
ಆ ಗಾಂಧಾರದ ಮನೆ ಯಾವ ಮೆಟ್ಟಿಲ ಮೇಲೂ ಇಲ್ಲ,
ಎರಡು ಮೆಟ್ಟಿಲ ನಡುವಿನ ಇಳಿಜಾರಿನಲ್ಲಿದೆ.

ಎಳೆದಳು.
ಬೆರಳಿಂದಲ್ಲ, ಮೊಳಕೈಯಿಂದ, ಭುಜದಿಂದ.
ಕುದಿನೀರಿಗೆ ಕೈಹಾಕಿ, ಗೂಡಿನ ಎಳೆಯ ತುದಿಗಾಗಿ
ತಡಕಿ ತಡಕಿ ಬೆಳ್ಳಗೆ ಬೆಂದುಹೋದ ಬೆರಳು;
ಉಕ್ಕಿನ ತಂತಿಗೆ ಅದನ್ನು ಕೊಯ್ಯಲಾಗಲಿಲ್ಲ.
ಪೆಡಲು ಒತ್ತಿದಳು, ಸ್ವರ ಹರಿಯಿತು,
ಹರಿದ ಅಂಚು ಹಿಡಿದುಕೊಂಡೇ ಬಂತು ತೋಡಿ,
ತಗಡಿನ ಸೂರು ನಡುಗಿಸುತ್ತ,
ಕಲ್ಲುಕ್ವಾರಿಯಲ್ಲಿ ಯಾರೋ ಆಲಾಪನೆ ಮಾಡಿದಂತೆ.

ಬಾಗಿಲಲ್ಲಿ ಕನಕವಲ್ಲಿ ಟೀಚರ್.
ಹಿಂದಿನ ಬೀದಿ, ವೀಣೆಯವರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಟಾರ್ಚು.
ಎಡ್ವಿನ್ ಗಾಬರಿಯಾಗಿ ಗುಬಟ ತಗ್ಗಿಸಿದ.
‘ಯಾಕಪ್ಪ ತಗ್ಗಿಸ್ತೀಯ?
ನೀನು, ಹುಡುಗಿ, ಮಧ್ಯಮದ ಹತ್ರ ಓಡಿಬಿಟ್ಟೆ. ಇನ್ನೊಂದ್ಸಲ.’

ಇನ್ನೊಂದು ಸಲ.
ಅದಾದ ಮೇಲೆ ಇನ್ನೂ ನಾಲ್ಕು ಸಲ.
ಗೂಡಿನ ಮೂಟೆಯ ಮೇಲೆ ಕೂತರು ಟೀಚರ್.
‘ನನ್ನ ವೀಣೆ ಮೀಟಿದ ಕೂಡಲೇ ಸಾಯೋಕೆ ಶುರು ಕಣೇ.
ಐವತ್ತು ವರ್ಷ ಆ ಸಾವನ್ನ
ಗಮಕದಲ್ಲಿ ಮುಚ್ಕೊಂಡು ಬಂದಿದೀನಿ.
ನಿಂದು ಸಾಯೋದೇ ಇಲ್ವಲ್ಲ.
ಸಾಯದೇ ಇರೋದನ್ನ ಇಟ್ಕೊಂಡು ಏನ್ಮಾಡ್ತೀಯ?’

ಜಬೀನಾ ದುಪಟ್ಟಾದಲ್ಲಿ ಕೈ ಒರೆಸಿಕೊಂಡಳು.
‘ಗೊತ್ತಿಲ್ಲ ಮಿಸ್. ಅಂಗೈ ಒತ್ತಿ ನಿಲ್ಲಿಸ್ತೀನಿ.’
ತೋರಿಸಿದಳು.
ಗುಡುಗಿನ ಬಾಯಿಗೆ ಅಂಗೈ. ಪಟ್.
ಟೀಚರ್ ತಮ್ಮ ಕೈಯನ್ನೇ ಚಾಚಿ
ತಂತಿಗಳ ಮೇಲಿಟ್ಟು ನೋಡಿದರು,
ಜ್ವರ ನೋಡುವ ಹಾಗೆ.
ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು.

ಹನ್ನೊಂದೂ ಕಾಲಿಗೆ ಒಂದು ಫೇಸ್ ಹೋಯಿತು.
ಪಂಪುಗಳು ಒಂದರ ಹಿಂದೊಂದು ಬಾಯಿ ಮುಚ್ಚಿದವು.
ಕದಿರಪ್ಪನ ಕೋಲು ಗಾಳಿಯಲ್ಲೇ ಉಳಿಯಿತು.
ಜಬೀನಾಳ ಕೈ ಮಾತ್ರ ನಿಲ್ಲಲಿಲ್ಲ.
ಕತ್ತಲಲ್ಲಿ ಬರಿಯ ತಂತಿ,
ಹುಳು ಉಗುಳುವ ಎಳೆಯಷ್ಟೇ ದಪ್ಪ,
ಗಾಂಧಾರ ಏರಿತು, ಜಾರಿತು, ಸವೆಯಿತು,
ಸವೆಯುವುದನ್ನು ಅವಳು ಅಲುಗಿಸಿ ಅಲುಗಿಸಿ ಮುಚ್ಚಿದಳು.
ಕೇಳಲು ನಾವೆಲ್ಲ ಬಗ್ಗಬೇಕಾಯಿತು.
ಎಡ್ವಿನ್ ಕೂದಲು ಕಿವಿಯ ಹಿಂದೆ ಸಿಕ್ಕಿಸಿದ.

ಇನ್ನೊಂದು ಫೇಸಿಗೆ ಬದಲಾಯಿಸುವುದು
ನನಗೆ ಒಂದು ನಿಮಿಷದ ಕೆಲಸ.
ಫ್ಯೂಸು ಕಿತ್ತು ಕೈಯಲ್ಲಿತ್ತು.
ಹಿಡಿದುಕೊಂಡೇ ನಿಂತೆ.