ಟಿಕೆಟ್ ಹಿಂದಿನ ಬಾಕಿ

ಬಿಸ್ಕತ್ ಡಬ್ಬದಲ್ಲಿ ಬಿಸ್ಕತ್ ಇಲ್ಲ, ಹಳೇ ಟಿಕೆಟ್ಟುಗಳಿವೆ.
ಹಲ್ಲುಜ್ಜಿದರೆ ಒಂದು.
ಚಪ್ಪಲಿಗೆ ತಾನೇ ಕಾಲು ತೂರಿಸಿದರೆ ಒಂದು.
ಉಗುರು ತೆಗೆಯುವಾಗ ಕೈ ಬಿಟ್ಟುಕೊಟ್ಟರೆ ಎರಡು
(ನಿಜ ಹೇಳಿದರೆ ಅದಕ್ಕೆ ಇಬ್ಬರಿಗೂ ಕೊಡಬೇಕು).
ಹತ್ತಾದರೆ ಒಂದು ಸುತ್ತು:
ಬನ್ನಿಮಂಟಪದಲ್ಲಿ ಹತ್ತಿ, ಮುಂದಿನ ಕಿಟಕಿ ಹಿಡಿದು,
ಎಲ್ಲೂ ಇಳಿಯದೆ ಬನ್ನಿಮಂಟಪಕ್ಕೇ ವಾಪಸ್.

ಗಂಗೋತ್ರಿಯ ಮೇಡಂ ಹಾಕಿಕೊಟ್ಟ ಲೆಕ್ಕ ಇದು.
ನನಗಿಂತ ಚಿಕ್ಕವಳು, ಪೆನ್ನಿನ ಕ್ಯಾಪು ಕಚ್ಚುತ್ತ ಹೇಳಿದಳು:
ಮಾಡಿದ ಕೂಡಲೇ ಕೊಡಿ, ಆಮೇಲೆ ಅನ್ನಬೇಡಿ.
ಕೊಟ್ಟದ್ದನ್ನು ಯಾವತ್ತೂ ಕಿತ್ತುಕೊಳ್ಳಬೇಡಿ.
ತಲೆಯಾಡಿಸಿದೆ. ಹನ್ನೊಂದು ವರ್ಷದ ಕಂಡಕ್ಟರು ನಾನು,
ಕೊಡುವುದು ಇಸಕೊಳ್ಳುವುದು ನನಗೆ ಹೇಳಿಕೊಡಬೇಕೆ?

ಅತ್ತೆಗೆ ಮಾತ್ರ ಸಿಟ್ಟು.
"ನಾಯ್ಮರಿಗೆ ರೊಟ್ಟಿ ತೋರ್ಸ್ದಂಗೆ ತೋರುಸ್ತಿಯಲ್ಲವ್ವ,
ಮಗ ಕಣವ್ವ ಅದು."
ಅಂದವರೇ ಸೆರಗಿನ ಗಂಟು ಬಿಚ್ಚಿ ಕಲ್ಲುಸಕ್ಕರೆ ತೆಗೆದು
ಯಾವ ಲೆಕ್ಕಕ್ಕೂ ಸಿಗದಂತೆ ಅವಳ ಬಾಯಿಗೆ.

ಭುವಿಯ ಮಾತೆಲ್ಲ ನನ್ನ ಬಸ್ಸಿನದು.
ನೆಂಟರು ಕೆನ್ನೆ ಹಿಂಡಿದರೆ "ಮುಂದ್ ಹೋಗಿ, ಮುಂದ್ ಹೋಗಿ."
ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿ "ಸ್ಟಾಪಿಲ್ಲ, ಸ್ಟಾಪಿಲ್ಲ."
ನಿದ್ದೆ ಹತ್ತುವ ಮುಂಚೆ, ಗೋಡೆಯ ಕಡೆಗೆ, ಮೆಲ್ಲಗೆ, "ರೈಟ್."
ಜನ ನಗುತ್ತಾರೆ. ನಾನೂ ನಗುತ್ತಿದ್ದೆ,
ಒಂದೊಂದೂ ಅದರದರ ಜಾಗದಲ್ಲೇ ಕೂರುವುದು ಕಾಣುವ ತನಕ.

ಅವತ್ತು ಗುರುವಾರ. ಡಬಲ್ ಡ್ಯೂಟಿ.
ಕ್ಯಾಶಿನಲ್ಲಿ ಎಪ್ಪತ್ತು ರೂಪಾಯಿ ಖೋತಾ, ಕೈಯಿಂದ ಕಟ್ಟಿ
ಮನೆಗೆ ಬಂದು ಬಡಿಸಿದರೆ, ತಟ್ಟೆ ಗೋಡೆಗೆ.
ಪಲ್ಯಕ್ಕೆ ಸಾರು ತಾಗಿತ್ತು. ತಾಗಬಾರದು. ನನಗೆ ಗೊತ್ತಿತ್ತು.
ಡಬ್ಬದಲ್ಲಿದ್ದದ್ದು ಒಂಬತ್ತು.
ಮೂರು ಕಿತ್ತು ಹರಿದು ಹಾಕಿದೆ.
ಅಳಲಿಲ್ಲ. ಎಣಿಸಿದಳು, ಆರು.
ಇನ್ನೊಮ್ಮೆ ಎಣಿಸಿದಳು.
ಆಮೇಲೆ ಮಣಿಕಟ್ಟು ಬಾಯಿಗೆ ಹೋಯಿತು.

ಹಲ್ಲಿನ ಗುರುತಿಗೆ ಕೊಬ್ಬರಿ ಎಣ್ಣೆ ಸವರುತ್ತ ಕೂತೆ.
ಮನೆಯಲ್ಲಿ ಬೇರೆ ಟಿಕೆಟ್ ಇಲ್ಲ.
ಚಿಲ್ಲರೆ ಇಲ್ಲದಾಗ ಮಾಡುವುದನ್ನೇ ಮಾಡಿದೆ:
ಉಳಿದ ಒಂದರ ಬೆನ್ನಿಗೆ 3 ಎಂದು ಬರೆದು
ಸುತ್ತ ಒಂದು ಗೆರೆ ಎಳೆದೆ.
ಕೇಳಲು ಮರೆತು ಇಳಿದು ಹೋದವರ ಬಾಕಿ
ಎಷ್ಟೋ ಉಳಿದಿದೆ ನನ್ನ ಚೀಲದಲ್ಲಿ.
ಇವಳು ಮರೆಯುವವಳಲ್ಲ.
ಬೆಳಗಿನ ಜಾವ ನಾಲ್ಕೂವರೆಗೆ, ನಾನು ಪಿನ್ನು ಚುಚ್ಚುತ್ತಿದ್ದಾಗ,
ನನ್ನ ಮುಖದೆದುರು ಟಿಕೆಟ್ ಹಿಡಿದು, ನನ್ನನ್ನು ನೋಡದೆ,
"ಚಿಲ್ಲರೆ ಕೊಡಿ."

ಕೊಟ್ಟೆ. ಬಸ್ಸಿನ ನೆಲದಿಂದ ಹೆಕ್ಕಿ ತಂದು, ಅವತ್ತು ಸಂಜೆಯೇ.
ಮತ್ತೆ ಒಂಬತ್ತು. ಅಲ್ಲಿಗೇ ನಿಂತಿತು.
ಭಾನುವಾರ ಇಡೀ ಮಂಚದ ಕೆಳಗೆ.
ಹಲ್ಲಿಲ್ಲ, ಉಗುರಿಲ್ಲ, ಚಪ್ಪಲಿ ಬಾಗಿಲಾಚೆ ಹೋಗಿ ಬಿತ್ತು.
ಸಂಜೆ ನಾನೂ ಅಲ್ಲೇ ಮಲಗಿದೆ, ತಣ್ಣಗಿನ ನೆಲದ ಮೇಲೆ,
ಅವಳು ನೋಡುವ ಸ್ಪ್ರಿಂಗನ್ನೇ ನೋಡುತ್ತ.
ನಂತರ ಎದ್ದು, ಬರಿಗಾಲಲ್ಲೇ ಕರೆದುಕೊಂಡು ಹೊರಟೆ.

ಮಾದೇಶನ ಗಾಡಿ ನಿಂತಿತ್ತು.
ಹೆಂಗಸರಿಗೆ ಈಗ ಸೊನ್ನೆ ಟಿಕೆಟ್ಟು.
ದುಡ್ಡಿಲ್ಲದಿದ್ದರೂ ಹರಿದು ಕೊಡಲೇಬೇಕು,
ಇಲ್ಲದಿದ್ದರೆ ಚೆಕಿಂಗಿನವರು ಮೆಮೊ ಬರೆಯುತ್ತಾರೆ.
ಭುವಿ ಅದನ್ನು ಮೂಸಿದಳು. ತಿರುಗಿಸಿ ಬೆನ್ನು ನೋಡಿದಳು.
ಏನೂ ಬರೆದಿಲ್ಲ.
ಮತ್ತೆ ತಿರುಗಿಸಿದಳು.

ಮೇಡಂಗೆ ಹೇಳುತ್ತೇನೋ ಇಲ್ಲವೋ.
ನಾಳೆ ಹಲ್ಲುಜ್ಜಿದರೆ ಒಂದು, ಅದೇನೂ ಬದಲಿಲ್ಲ.
"ಎಲ್ಲಿಗಕ್ಕ?" ಅಂದ ಮಾದೇಶ, ಸುಮ್ಮನೆ, ಮಾತಿಗೆ.
ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ "ರೈಟ್" ಅಂದಳು.
ಹೇಳಿದವರು ಯಾರೆಂದು ಡ್ರೈವರು ತಿರುಗಿ ನೋಡಲಿಲ್ಲ,
ಗಾಡಿ ಬಿಟ್ಟ.