ಏಳದೆ ಕೂರುವ ಆಟ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹಿಂದೆ
ಸಿಮೆಂಟಿನ ಕಣದ ತುಂಬ ಬೆಂದ ಭತ್ತ,
ಇನ್ನೂ ಹಬೆಯಾಡುತ್ತಿದೆ.
ಕಾಯಲು ನಾವು ಮೂವರು: ನಾನು, ಹಾಲೇಶಿ,
ಸದಾ ಮೂಗು ಸುರಿಸುವ ಚಾಂದಪೀರ.
ಕೂಲಿ, ತಲೆಗೊಂದು ಸೇರು ಮಂಡಕ್ಕಿ,
ಶನಿವಾರವಾದರೆ ಮೇಲೊಂದು ಮಿರ್ಚಿ.

ಓಡಿಸಿ ಓಡಿಸಿ ಕಾಲು ಬಿದ್ದುಹೋದ ಬೇಸಗೆಯಲ್ಲಿ
ಜೈತುನ್‌ಬಿ ಈ ಆಟ ಕಟ್ಟಿದಳು.
ಹೊಟ್ಟಿನ ಹೊಗೆ ಕುಡಿದು ಕುಡಿದು
ಅವಳ ಕಣ್ಣೆರಡೂ ಹಾಲುಗಟ್ಟಿದ್ದವು.
"ಕಣ್ಮುಚ್ಕಂಡು ಕುತ್ಗಳ್ರಿ ನನ್ನಂಗೆ.
ಕೂಗಿದ್ದು ಯಾವ್ದು ಹೇಳ್ರಿ.
ಹೇಳ್ದೋರು ಕುಂತಿರ್ರಿ, ತಪ್ಪಿದೋರು ಎದ್ದು ಓಡಿಸ್ರಿ."

ಕಾಗೆ, ಗುಬ್ಬಿ, ಬೆಳವಕ್ಕೆ ಲೆಕ್ಕವಿಲ್ಲ,
ಅವನ್ನು ಹೊಟ್ಟೆಯೊಳಗೇ ಕಲಿತು ಬಂದಿರುತ್ತೀರಿ ಎಂದಳು.
ಮಿಕ್ಕವಕ್ಕೆಲ್ಲ ಓಣಿಯ ಹೆಸರು.
ಅರಳಿಯ ತುದಿಯಲ್ಲಿ ಟುಕ್, ಟುಕ್, ಟುಕ್,
ಒಂದೇ ತೂಕದ ಪೆಟ್ಟು: ಕಲಾಯಿ ಕಾಸಿಂ.
ಏಳೆಂಟು ಗಂಟಲು ಒಟ್ಟಿಗೇ ಹರಿದರೆ
ನಲ್ಲಿಯಲ್ಲಿ ನೀರು ಬಂದಿದೆ.
ಬೇಲಿಯೊಳಗಿಂದ ಊಪ್ ಊಪ್ ಊಪ್,
ಖಾಲಿ ಕೊಡಕ್ಕೆ ಬಾಯಿಟ್ಟು ಊದಿದ ಹಾಗೆ: ಬಾವಿ ತೋಡುವ ಹುಸೇನಜ್ಜ.
ದಾಸವಾಳದಲ್ಲಿ ಬಿಡುವಿಲ್ಲದೆ ಟುವ್ವಿ ಟುವ್ವಿ ಎಂಬುದು
ಪರಸಪ್ಪನ ಹೊಲಿಗೆ ಮಿಷನ್ನು.
(ಅದು ನಿಜಕ್ಕೂ ಎಲೆ ಹೊಲಿಯುತ್ತದೆಂದು
ನನಗೆ ತಿಳಿದದ್ದು ಎಷ್ಟೋ ವರ್ಷಕ್ಕೆ.
ಅವಳಿಗೆ ಮೊದಲೇ ಗೊತ್ತಿತ್ತೋ ಏನೋ.)

ಹಾಲೇಶಿ ಕದ್ದು ನೋಡುತ್ತಿದ್ದ.
"ಕಣ್ಮುಚ್ಚಲೇ, ನಿನ್ನ ರೆಪ್ಪೆ ಸಪ್ಳ ಮಾಡ್ತತಿ."

ಒಂದು ಮಧ್ಯಾಹ್ನ ತಲೆಯ ಮೇಲೇ ಬಿಜ್ಜಿನ ಚೀತ್ಕಾರ.
ಬಿಜ್ಜು! ಎಂದೆವು ಮೂವರೂ.
ಕಣದಿಂದ ಒಮ್ಮೆಲೇ ರೆಕ್ಕೆಗಳ ಭರಾಟೆ,
ಆಮೇಲೆ ಏನೂ ಇಲ್ಲ.
ಅವಳು ನಕ್ಕಳು. "ಅಲ್ಲ. ಕಾಜಾಣ.
ಬಿಜ್ಜು ಕೂಗಿ ಸುಮ್ಕಾಗ್ತತಿ,
ಇದು ಕೂಗಿದ ಮೇಲೆ ತನ್ನಷ್ಟಕ್ಕೆ ಏನೋ ಗೊಣಗ್ತತಿ."
ಸೋತವರು ನಾವು, ಏಳಬೇಕು.
ಓಡಿಸಲು ಒಂದು ಗುಬ್ಬಿಯೂ ಉಳಿದಿರಲಿಲ್ಲ.

ಮೊನ್ನೆ ಕುಂದವಾಡ ಕೆರೆಯ ಏರಿಯ ಮೇಲೆ
ದುರ್ಬೀನು ಹಿಡಿದವರೊಬ್ಬರು ಮರ ತೋರಿಸಿ
ಕೇಳಿಸಿತಾ, ಯಾವುದು ಹೇಳಿ, ಎಂದರು.
ಕಲಾಯಿ ಕಾಸಿಂ, ಅಂದುಬಿಟ್ಟೆ.
ಪಾಪ, ಪುಸ್ತಕದ ಕೊನೆಯ ಪಟ್ಟಿಯಲ್ಲಿ
ಕ ಅಕ್ಷರದಲ್ಲಿ ಹುಡುಕಿದರು.

ಒಂದು ಮಾತ್ರ ಬಾಕಿ ಇದೆ.
ಆ ಬೇಸಗೆಯ ಕೊನೆ, ಮೋಡ ಕವಿದ ಬೆಳಿಗ್ಗೆ,
ನೀರಿನ ಟ್ಯಾಂಕಿನ ಆಚೆಯಿಂದ ಮೂರು ಸ್ವರ,
ಮೂರನೆಯದು ಅರ್ಧಕ್ಕೇ ನಿಂತದ್ದು.
ನಾನು ಸೋತೆ. ಹಾಲೇಶಿ ಸೋತ.
ಚಾಂದಪೀರ ಮೂಗೊರೆಸುವುದನ್ನೇ ಮರೆತ.
ಜೈತುನ್‌ಬಿ ಕಿವಿ ವಾಲಿಸಿದಳು.
ಮತ್ತೆ ಕೂಗಿತು. ಮತ್ತೆ ವಾಲಿಸಿದಳು.
"ನಂಗೂ ಗೊತ್ತಿಲ್ಲಲ್ಲೇ" ಎಂದಳು,
ಯಾರದೋ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವಳ ದನಿಯಲ್ಲಿ.

ಆಟವೆಂದರೆ ಆಟ.
ಮಂಡಿಗೆ ಕೈಯೂರಿ ಅವಳೂ ಎದ್ದಳು.
ಬಿಸಿ ಭತ್ತ ಅಂಗಾಲಿಗೆ ಮೆತ್ತುತ್ತ
ನಾಲ್ವರೂ ಕೈಬೀಸಿ ಹೋ ಎಂದು ಓಡಿದೆವು.

ಅದು ಹೊರಟುಹೋಯಿತು.
ಭತ್ತ ತಿನ್ನುವ ಜಾತಿಯೋ ಅಲ್ಲವೋ,
ಅದೂ ಗೊತ್ತಿಲ್ಲ.